ಉಳ್ಳಾಗಡ್ಡಿಯ ಬೇರು

“ಒತ್ರಿ. ಹೆಬ್ಬೆಟ್ಟು ಸರಿಸಬ್ಯಾಡ್ರಿ, ಸರಿಸಿದ್ರ ಎಲ್ಲಾ ಕಲಸಿ ಹೋಗ್ತಾವ.”

ಅಂಬ್ರಪ್ಪ ಉಸಿರು ಹಿಡಿದು ಗಾಜಿನ ಪಟ್ಟಿಯನ್ನು ಒತ್ತಿದ. ನಾರಾಯಣಪುರದಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೈ, ಸಾಸಿವೆಯಷ್ಟಿದ್ದ ಉಳ್ಳಾಗಡ್ಡಿ ಬೇರಿನ ತುದಿಯನ್ನು ಹೆದರಿ ಹೆದರಿ ಅದುಮುತ್ತಿತ್ತು. ಮಾಳಮ್ಮನಿಗೆ ನಗು ಬಂತು. ಬರಬಾರದ ಹೊತ್ತಿನಲ್ಲಿ ಬಂತು.

ರವಿವಾರ. ಅವಳು ಜೀವಶಾಸ್ತ್ರ ಕಲಿಸುವ ಶಹಾಪುರದ ಕಾಲೇಜಿನಲ್ಲಿ ಅವರಿಬ್ಬರೇ ಇದ್ದರು. ಸುರಪುರದಲ್ಲಿ ಇಬ್ಬರ ನಿಶ್ಚಯ ಮುಗಿದಿತ್ತು. ಮದುವೆ, ಕಾಲುವೆಗೆ ನೀರು ನಿಲ್ಲಿಸಿದ ಮೇಲೆ, ಅವನಿಗೆ ರಜೆ ಸಿಗುವುದೇ ಆಗ. ಅದಕ್ಕೂ ಮೊದಲು ಅವನಿಗೊಂದು ಮಾತು ಹೇಳಬೇಕಿತ್ತು. ಬಾಯಿಂದ ಬರಲಾರದ್ದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಸುಲಭವಾದೀತೆಂದು ಕರೆಸಿದ್ದಳು.

ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ. “ಕೆಂಪನ್ನ ಹುಳ ಇದ್ದಾಂಗ ಅದಾವಲ್ಲ!”

“ಕ್ರೋಮೋಸೋಮ್‌ ಅವು. ನಡುವ ಸಾಲಾಗಿ ನಿಂತಾವ ನೋಡ್ರಿ. ಎರಡೂ ಕಡಿಂದ ದಾರ ಕಟ್ಟಿ ಎಳೀತದ. ಜೋಡಿ ಬಿಟ್ಟು ಒಂದು ಈ ಕಡಿ, ಒಂದು ಆ ಕಡಿ ಹೋಗಬೇಕು.”

“ಒಂದು ಹಿಂದ ಉಳದ್ರ?”

“ಒಂದು ಕೋಶಕ್ಕ ಹೆಚ್ಚು, ಇನ್ನೊಂದಕ್ಕ ಕಡಿಮಿ. ಹಂಗ ತಪ್ಪಿ ತಪ್ಪಿ ಕ್ಯಾನ್ಸರ್ ಗಡ್ಡಿ ಆಗಬಹುದು. ತಪ್ಪದಾಂಗ ಕಾಯೋ ಪ್ರೋಟೀನ್‌ ನಮ್ಮ ಮೈಯಾಗ ಇರ್ತಾವ. ಗಡ್ಡಿ ತಡಿಯೋ ಪ್ರೋಟೀನ್‌ ಅಂತೀವಿ. ನಮ್ಮವ್ವಂದು ಅದರಾಗ ಒಂದು ಕೆಟ್ಟಿತ್ತು. ಅದಕ್ಕ ಎದ್ಯಾಗ ಗಡ್ಡಿ ಆಗಿ ಆಪರೇಷನ್‌ ಆತು.”

ಅಂಬ್ರಪ್ಪ ತಲೆ ಎತ್ತಿದ. “ಅದಕ್ಕ ನಾನೂ ಬಿಟ್ಟೀನಿ.”

“ಏನು?”

“ಉಳ್ಳಾಗಡ್ಡಿ. ಅವ್ವಗ ಗಡ್ಡಿ ಆಗಿತ್ತು, ಉಳ್ಳಾಗಡ್ಡಿದಾಗ ತೋರಸ್ತೀನಿ ಬರ್ರಿ ಅಂತ ನೀನೇ ಫೋನಿನ್ಯಾಗ ಅಂದ್ಯಲ್ಲ. ಅವತ್ತಿಂದ ರೊಟ್ಟಿಗಿ ಬರೇ ಖಾರ. ಕಾಲನಿ ಮಂದಿ ‘ಏನಲೇ, ಸ್ವಾಮಿ ಆಗಾಕತ್ತಿ ಏನು’ ಅಂತ ನಗ್ತಾರ.”

“ಅಯ್ಯ, ಆ ಗಡ್ಡಿನೇ ಬ್ಯಾರೆ, ಈ ಗಡ್ಡಿನೇ ಬ್ಯಾರೆ! ತಿನ್ರಿ, ಏನೂ ಆಗಂಗಿಲ್ಲ.”

“ಮೊದಲೇ ಹೇಳಬಾರದೇನ, ಮೇಡಮ್ಮರ? ಎಷ್ಟು ರೊಟ್ಟಿ ಹಾಳಾದವು!”

ಇಬ್ಬರೂ ನಕ್ಕರು. ಅವಳೇ ಮೊದಲು ನಗು ನಿಲ್ಲಿಸಿದಳು. ಈಗ ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು.

“ನನ್ನ ರಕ್ತಾನೂ ತಪಾಸಿಗೆ ಕೊಟ್ಟಿದ್ದೆ. ಆ ಪ್ರೋಟೀನ್ ಮಾಡೋ ಜೀನ್ ಅವ್ವನ ಕಡಿಂದ ಒಂದು, ಅಪ್ಪನ ಕಡಿಂದ ಒಂದು ಬರ್ತಾವ. ಅವ್ವನ ಕೆಟ್ಟಿದ್ದೇ ನನಗೂ ಬಂದದ. ಗಡ್ಡಿ ಆಗಿಲ್ಲ. ಆಗಬಹುದು. ಹುಟ್ಟೋ ಕೂಸಿಗೂ ಹೋಗಬಹುದು.”

ಅವನು ತಿರುಗಿ ಬಗ್ಗಿ ಕಣ್ಣಿಟ್ಟ. ಬಹಳ ಹೊತ್ತು ನೋಡಿದ. ಏನು ಕಾಣುತ್ತಿತ್ತೋ, ಅವನ ಉಸಿರಿಗೆ ಗಾಜು ಮಬ್ಬಾಯಿತು.

“ನಿಮ್ಮಪ್ಪನ ಕಡಿಂದ ಬಂದಿದ್ದು?”

“ಅದು ಚಲೋ ಅದ. ಸದ್ಯಕ್ಕ ಅದೇ ಕಾಯಾಕತ್ತದ.”

“ಹಂಗಾರ ಒಬ್ಬನೇ ಡ್ಯೂಟಿ ಮ್ಯಾಲ ಅದಾನ ಅನ್ನು. ಪಾಪ, ರಜಾನೂ ಇಲ್ಲ ಅವಗ.”

ಅವಳ ಕಣ್ಣು ತುಂಬಿ ಬಂತು. ಇಂಥವನನ್ನು ಹೇಗೆ ಬಿಡುವುದು? ಇಂಥವನನ್ನೇ ಬಿಡಬೇಕು. ಬೆರಳಿನ ಉಂಗುರ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ತಿರುವಿ ತಿರುವಿ ಬಿಚ್ಚಿ, ಅಂಗೈ ಮೇಲಿಟ್ಟು ಮುಂದೆ ಚಾಚಿದಳು.

“ನನಗೇ ಬ್ಯಾಡ ಆತು ಅಂತ ನಿಮ್ಮ ಮನಿಯಾಗ ನಾನೇ ಹೇಳ್ತೀನಿ. ನಿಮ್ಮ ಮ್ಯಾಲ ಮಾತು ಬರಾಂಗಿಲ್ಲ. ತಗೋರಿ.”

ಅಂಬ್ರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಒಲ್ಲೆ,” ಅಂದ.