ಓರೆನೋಟ

"ನಿಲ್ಲಿ, ನಿಲ್ಲಿ! ಗೋಡೆಗೆ ತಾಗ್ತಿದೆ!"

ಮೇಲಿನ ಮೆಟ್ಟಿಲಿನಿಂದ ಟೈಲರ್ ಕೂಗಿದ. ದೂರದರ್ಶಕದ ಆಳುದ್ದದ ಕೊಳವೆ ಬೇಕರಿಯ ಹಿಂಬದಿಯ ಇಕ್ಕಟ್ಟು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ನಡುವೆ ಭುಜ ಕೊಟ್ಟಿದ್ದ ಬೇಕರಿಯವನು ಬೆವತು ತೊಪ್ಪೆಯಾಗಿದ್ದ. ಕೆಳತುದಿಯಲ್ಲಿ, ಕನ್ನಡಿ ಕೂತು ಭಾರವೆಲ್ಲ ಇಳಿದಿದ್ದ ಕಡೆ, ಡ್ರೈವರ್ ಇದ್ದ.

"ಅಳತೆ ತಗೊಂಡೋನು ನೀನೇ ಅಲ್ವೇನೋ?" ಏದುಸಿರಿನಲ್ಲೇ ಬೇಕರಿಯವನು ಕೆಣಕಿದ. "ಜನರ ಪ್ಯಾಂಟೂ ಹೀಗೇ ಹೊಲೀತೀಯಾ?"

"ನಾನು ಅಳೆದಿದ್ದು ಕೊಳವೆನ. ಮೆಟ್ಟಿಲು ನಿಂದು. ಹೊಟ್ಟೆ ಸ್ವಲ್ಪ ಒಳಗೆಳ್ಕೊ, ಎರಡಂಗುಲ ಜಾಗ ಆಗುತ್ತೆ."

ಡ್ರೈವರ್ ನಗಲಿಲ್ಲ. ಮೊದಲಾಗಿದ್ದರೆ ಈ ಹೊತ್ತಿಗೆ ಇಬ್ಬರಿಗೂ ಸೇರಿಸಿ ಒಂದು ಮಾತು ಎಸೆದಿರುತ್ತಿದ್ದ. ಅವನ ಹಿಂದೆ ಒಂದು ಮೆಟ್ಟಿಲು ಕೆಳಗೆ ಕನ್ನಡಕದಕ್ಕ ನಿಂತಿದ್ದಳು. ಅವನ ಬೆನ್ನಿನ ಹತ್ತಿರ ಕೈ ಚಾಚಿದ್ದಳು, ಮುಟ್ಟಿರಲಿಲ್ಲ.

"ಇನ್ನೊಂದು ಮೆಟ್ಟಿಲಿದೆ, ಅಣ್ಣ."

"ಗೊತ್ತು," ಎಂದ ಅವನು.

ಕೊಳವೆ ಕೊನೆಗೂ ತಾರಸಿ ತಲುಪಿತು. ಭಾನುವಾರದ ಮಧ್ಯಾಹ್ನ, ನಾಲ್ಕು ಗಂಟೆ. ನೀರಿನ ಟ್ಯಾಂಕಿನ ಮೇಲೆ, ಬಿಸಿಲು ತುಂಬಿದ ಆಕಾಶದಲ್ಲಿ, ಒರೆಸಿದರೂ ಹೋಗದ ಸುಣ್ಣದ ಕಲೆಯಂತೆ ಅರ್ಧ ಚಂದ್ರ ಕಾಣುತ್ತಿತ್ತು. ಹಗಲಿನಲ್ಲೇ ನೋಡೋಣ ಎಂದು ಹಟ ಹಿಡಿದವಳು ಕನ್ನಡಕದಕ್ಕ. ಕತ್ತಲಲ್ಲಿ ಡ್ರೈವರ್ ಮನೆಯಿಂದ ಹೊರಡುತ್ತಿರಲಿಲ್ಲ.

ಆಕಾಶವೊಂದು ಇಲ್ಲದಿದ್ದರೆ ಈ ನಾಲ್ವರು ಒಬ್ಬರ ಮುಖ ಒಬ್ಬರು ನೋಡಬೇಕಾದ ಕಾರಣವೇ ಇರಲಿಲ್ಲ. ಬೇಕರಿಯವನು ಬೆಳಗಿನ ಜಾವ ಮೂರಕ್ಕೆ ಹಿಟ್ಟು ನಾದಲು ಏಳುತ್ತಿದ್ದ. ನಕ್ಷತ್ರಗಳು ಹದಕ್ಕೆ ಬರುವ ಹೊತ್ತಿಗೆ ಅವನು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. "ಶನಿ ಬಂದ್ಮೇಲೆ ಎಬ್ಬಿಸ್ರಪ್ಪ" ಎಂದು ಹೇಳಿ ಮಲಗಿ, ಎಬ್ಬಿಸಿದರೆ ಬೈಯುತ್ತಿದ್ದ. ಟೈಲರ್ ಗ್ರಹಗಳ ನಡುವಿನ ದೂರವನ್ನೂ ಅಂಗುಲದಲ್ಲೇ ಹೇಳುತ್ತಿದ್ದ. ಕನ್ನಡಕದಕ್ಕನಿಗೆ ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವ ಅಂಗಡಿಯಿತ್ತು. ಡ್ರೈವರ್ ಇಪ್ಪತ್ತಾರು ವರ್ಷ ಊರೊಳಗಿನ ಬಸ್ಸು ಓಡಿಸಿದವನು.

ದೂರದರ್ಶಕವನ್ನು ಕೊಂಡುಕೊಳ್ಳಬಹುದಿತ್ತು. ತಾವೇ ಮಾಡಬೇಕೆಂಬ ಹುಚ್ಚು ಹಿಡಿಸಿದವನು ಡ್ರೈವರ್. ಬೇಕರಿಯ ಹಿಂದಿನ ಕೋಣೆಯಲ್ಲಿ ಒಂದು ಡ್ರಮ್ಮು ನಿಲ್ಲಿಸಿ, ಅದರ ಮೇಲೆ ಒಂದು ಗಾಜಿನ ಬಿಲ್ಲೆ ಕೂರಿಸಿ, ನಡುವೆ ಒದ್ದೆ ಉಜ್ಜುಪುಡಿ ಹಾಕಿ ಇನ್ನೊಂದು ಬಿಲ್ಲೆಯಿಂದ ಉಜ್ಜಬೇಕು. ಉಜ್ಜುತ್ತ ಡ್ರಮ್ಮಿನ ಸುತ್ತ ನಡೆಯಬೇಕು. ತಿಂಗಳುಗಟ್ಟಲೆ ಹಾಗೆ ನಡೆದರೆ ಮೇಲಿನ ಗಾಜು ತಾನಾಗಿ ಬಟ್ಟಲಿನಂತೆ ತಗ್ಗಿ ದೂರದರ್ಶಕದ ಕನ್ನಡಿಯಾಗುತ್ತದೆ. ನೂರು ಸುತ್ತಿಗೆ ಗೋಡೆಯ ಮೇಲೆ ಒಂದು ಸೀಮೆಸುಣ್ಣದ ಗೀಟು. ಯಾರ ಗೀಟು ಹೆಚ್ಚೋ ಅವರದ್ದು ಮೊದಲ ನೋಟ, ಅದು ಅವರೊಳಗಿನ ಕರಾರು. ಬೇಕರಿಯವನದು ಹನ್ನೊಂದು ಗೀಟು. ಡ್ರೈವರನ ಗೀಟುಗಳು ಬಾಗಿಲಿನಿಂದ ಹೊರಟು ಕಿಟಕಿ ದಾಟಿ ಮೂಲೆ ತಿರುಗಿದ್ದವು.

"ದಿನವೆಲ್ಲ ಕೂತ್ಕೊಂಡೇ ಊರು ಸುತ್ತೋನಿಗೆ, ನಡ್ಕೊಂಡು ಒಂದು ಡ್ರಮ್ಮು ಸುತ್ತೋದು ಎಷ್ಟು ಸುಖ ಗೊತ್ತಾ?" ಎನ್ನುತ್ತಿದ್ದ ಅವನು.

ಆಕಾಶ ನೋಡುವವರೆಲ್ಲ ಕಲಿಯುವ ಒಂದು ಉಪಾಯವಿದೆ. ತೀರಾ ಮಸುಕಾದ ಬೆಳಕನ್ನು ನೇರ ನೋಡಿದರೆ ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಮೆಲ್ಲಗೆ ಕಣ್ಣಂಚಿಗೆ ಬಂದು ನಿಲ್ಲುತ್ತದೆ. ಇದರಲ್ಲಿ ಡ್ರೈವರನನ್ನು ಮೀರಿಸುವವರಿರಲಿಲ್ಲ. ಎರಡು ವರ್ಷಗಳಿಂದಂತೂ ಉಳಿದವರಿಗೆ ಬರಿಯ ಕತ್ತಲಿದ್ದ ಕಡೆ ಅವನಿಗೆ ಬೆಳಕಿನ ಧೂಳು ಕಾಣುತ್ತಿತ್ತು. ಬೆಕ್ಕಿನ ಕಣ್ಣು ಎಂದು ಹೊಗಳುತ್ತಿದ್ದರು. ಅವನೂ ಉಬ್ಬುತ್ತಿದ್ದ.

ಡಿಪೋದವರು ವರ್ಷಕ್ಕೊಮ್ಮೆ ಕಣ್ಣು ಸರಿಯಿದೆ ಎಂಬ ಚೀಟಿ ಕೇಳುತ್ತಿದ್ದರು. ಅದನ್ನು ಬರೆದುಕೊಡುತ್ತಿದ್ದವಳು ಕನ್ನಡಕದಕ್ಕ. ಕಳೆದ ಸಲ ಅವಳ ಅಂಗಡಿಯ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅವನು ಎದುರಿನ ಅಕ್ಷರಗಳ ಬೋರ್ಡನ್ನು ತಲೆ ವಾಲಿಸಿ ಓರೆಯಾಗಿ ನೋಡಿದ. ಇನ್ನೊಂದು ಕಣ್ಣಿಗೂ ಹಾಗೇ ಮಾಡಿದ.

"ಸ್ವಾಮಿ, ಇದು ಆಕಾಶ ಅಲ್ಲ, ಬೋರ್ಡು. ನೆಟ್ಟಗೆ ನೋಡಿ," ಎಂದು ಅವಳು ನಕ್ಕಿದ್ದಳು.

"ಅಭ್ಯಾಸಬಲ ಅಕ್ಕ," ಎಂದು ಅವನೂ ನಕ್ಕು, ವಾಲಿಸಿದ ತಲೆಯಲ್ಲೇ ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ ಓದಿದ್ದ. ಅವಳು ಸಹಿ ಹಾಕಿದ್ದಳು. ಬೀದಿಯಿಂದ ಬಂದ ಯಾರಾದರೂ ಹಾಗೆ ಕತ್ತು ವಾಲಿಸಿದ್ದರೆ ಒಳಗಿನ ಕೋಣೆಗೆ ಕರೆದೊಯ್ದು, ಕಣ್ಣಿಗೆ ಔಷಧಿ ಬಿಟ್ಟು, ದೀಪ ಹಿಡಿದು ನೋಡದೆ ಬಿಡುತ್ತಿರಲಿಲ್ಲ. ಇವನು ತನ್ನವನು. ತಲೆ ವಾಲಿಸುವುದನ್ನು ಅವನಿಗೆ ಕಲಿಸಿದವಳೂ ಅವಳೇ.

ಎಂಟು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಆಸ್ಪತ್ರೆಯಲ್ಲಿ ಕಸ ಗುಡಿಸುವ ಆಯಮ್ಮ ಸ್ಟಾಪಿನಿಂದ ಎರಡು ಹೆಜ್ಜೆ ರಸ್ತೆಗಿಳಿದು, ದಿನದಂತೆ ಡ್ರೈವರನ ಬಸ್ಸಿಗೆ ಕೈ ಎತ್ತಿದಳು. ಹನ್ನೊಂದು ವರ್ಷದಿಂದ ಅದೇ ಸ್ಟಾಪು, ಅದೇ ಮುಂದಿನ ಸೀಟು, "ನಿಮ್ಮ ಕನ್ನಡಿ ಎಲ್ಲಿಗೆ ಬಂತಪ್ಪ?" ಎಂಬ ಅದೇ ಪ್ರಶ್ನೆ. ಬಸ್ಸು ನಿಧಾನವಾಗಿಯೇ ಬಂತು. ನಿಲ್ಲಲಿಲ್ಲ. ತಾನು ಗುಡಿಸುತ್ತಿದ್ದ ಆಸ್ಪತ್ರೆಯಲ್ಲೇ ನಾಲ್ಕು ದಿನ ಇದ್ದು ತೀರಿಕೊಂಡಳು.

ಡ್ರೈವರನ ಎರಡೂ ಕಣ್ಣುಗಳ ನಡುಭಾಗ ಸವೆದುಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದರು ವೈದ್ಯರು. ಬಹಳ ನಿಧಾನವಾಗಿ ಸವೆದದ್ದರಿಂದ ಅವನಿಗೇ ತಿಳಿದಿರಲಿಕ್ಕಿಲ್ಲ ಎಂದರು. ವಿಚಾರಣೆಯ ಕಾಗದದಲ್ಲಿ ಯಾರದ್ದೂ ತಪ್ಪಿಲ್ಲ ಎಂದು ಬರೆದು ಮುಗಿಸಿದರು. ಆ ಕಾಗದವನ್ನು ಕನ್ನಡಕದಕ್ಕ ಮೂರು ಸಲ ಓದಿದಳು. ವಾಲಿದ ತಲೆಯ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಎರಡು ತಿಂಗಳು ಅವನ ಮನೆಗೆ ಎಡತಾಕಿದಳು. ಬಾಗಿಲು ತೆರೆಯುತ್ತಿದ್ದವಳು ಅವನ ಹೆಂಡತಿ. ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಕಳೆದ ವಾರ, "ಕನ್ನಡಿ ಕೂರಿಸಿ ಆಯ್ತು ಅಣ್ಣ, ಹೊರೋದಕ್ಕೆ ಒಬ್ಬರು ಕಡಿಮೆ" ಎಂದಾಗ ಮಾತ್ರ ಎದ್ದು ಕೂತಿದ್ದ.

ಹೊರಲಿಕ್ಕೆಂದು ಬಂದಿದ್ದ, ಹೊತ್ತಿದ್ದ. ಈಗ ತಾರಸಿಯ ಮೋಟುಗೋಡೆಗೆ ಒರಗಿ, ಅಂಗೈಗೆ ಅಂಟಿದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ.

ಟೈಲರ್ ಕೊಳವೆಯನ್ನು ಮರದ ಪೀಠದ ಮೇಲೆ ಕೂರಿಸಿದ. ಕನ್ನಡಕದಕ್ಕ ಬದಿಯ ಐಪೀಸಿಗೆ ಕಣ್ಣು ಕೊಡದೆ, ಕೊಳವೆ ಸೂರ್ಯನತ್ತ ತಿರುಗಿಲ್ಲವೆಂದು ಅದರ ನೆರಳು ನೋಡಿ ಖಚಿತಪಡಿಸಿಕೊಂಡು, ಕೊಳವೆಯ ಬೆನ್ನಿಗೆ ಕಟ್ಟಿದ್ದ ಸಣ್ಣ ನಳಿಗೆಯಲ್ಲಿ ಗುರಿ ಹಿಡಿದಳು. ಐಪೀಸಿನ ಗಾಜಿನಿಂದ, ನೆರಳಿನಲ್ಲಿ ಒಡ್ಡಿದ ಅವಳ ಅಂಗೈ ಮೇಲೆ ಮಂದವಾದ ಬೆಳಕಿನ ಬಿಲ್ಲೆ ಬಿತ್ತು.

"ಸಿಕ್ಕಿತು," ಎಂದಳು. "ಬನ್ನಿ ಅಣ್ಣ. ಮೊದಲ ನೋಟ ನಿಮ್ಮದು."

"ಗೋಡೆ ತುಂಬ ಗೀಚಿಟ್ಟಿದ್ದೀಯಲ್ಲಪ್ಪ, ಸುಣ್ಣ ಹೊಡೆಸೋದಕ್ಕೂ ಮನಸ್ಸು ಬರ್ತಿಲ್ಲ ನಂಗೆ," ಎಂದ ಬೇಕರಿಯವನು. "ನೀನು ನೋಡು, ಆಮೇಲೆ ನಾವು."

ಡ್ರೈವರ್ ಅಲ್ಲಾಡಲಿಲ್ಲ. ಬೇಕರಿಯವನ ಮುಖ ಸಣ್ಣದಾಯಿತು. ಟೈಲರ್ ಅವನ ತೋಳು ಹಿಡಿದು, "ಬಾರೋ, ಟೀ ತರೋಣ" ಎಂದು ಮೆಟ್ಟಿಲಿಳಿಸಿಕೊಂಡು ಹೋದ.

ಇಬ್ಬರೇ ಉಳಿದರು. ಈಗ ಆಡಬೇಕಾದ ಮಾತನ್ನು ಕನ್ನಡಕದಕ್ಕ ಅಂಗಡಿಯ ಖಾಲಿ ಕುರ್ಚಿಗೆ ಅದೆಷ್ಟೋ ಸಲ ಹೇಳಿ ಅಭ್ಯಾಸ ಮಾಡಿದ್ದಳು.

"ಅಣ್ಣ, ಅವತ್ತು ನೀವು ತಲೆ ವಾಲಿಸಿದ್ದನ್ನ ನಾನು ನೋಡಿದ್ದೆ."

"ಗೊತ್ತು," ಎಂದ ಡ್ರೈವರ್. "ನೀವು ನಕ್ರಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಅವಳಿಗೆ ಏನಾದರೂ ಸಿಗುತ್ತಿತ್ತು.

"ಒಳಗೆ ಕರೆದು ಪರೀಕ್ಷೆ ಮಾಡ್ಬೇಕಿತ್ತು. ಮಾಡ್ಲಿಲ್ಲ. ಡಿಪೋಗೆ ಹೋಗಿ ಹೇಳ್ತೀನಿ, ನಾಳೆನೇ ಹೇಳ್ತೀನಿ."

"ಹೇಳಿ. ಹೇಳದೆ ಇರಿ. ಆ ಹೆಣ್ಣುಮಗಳು ಬರ್ತಾಳಾ?" ಅವನು ಅವಳ ಕಿವಿಯ ಪಕ್ಕದ ಎಲ್ಲೋ ಒಂದು ಕಡೆ ನೋಡುತ್ತಿದ್ದ. ಅವಳ ಮುಖ ಕಾಣಲು ಅವನು ಅಲ್ಲೇ ನೋಡಬೇಕೆಂದು ಅವಳಿಗೆ ತಡವಾಗಿ ಹೊಳೆಯಿತು. "ನಂಗೆ ಸಾಮರ್ಥ್ಯ ಹೆಚ್ಚಾಗ್ತಿದೆ ಅಂದ್ಕೊಂಡಿದ್ದೆ ಅಕ್ಕ. ನಿಮಗ್ಯಾರಿಗೂ ಕಾಣದ್ದು ನಂಗೆ ಕಾಣ್ತಿದೆ ಅಂತ. ಹೆಂಡ್ತಿ ಮುಂದೆ ಜಂಬ ಕೊಚ್ಕೊಂಡಿದ್ದೀನಿ."

ಕೆಳಗೆ ಬೀದಿಯಲ್ಲಿ ಬಸ್ಸೊಂದು ಗೇರು ಬದಲಿಸಿತು. ಅವನ ಎಡಗಾಲು ಕ್ಲಚ್ಚು ಒತ್ತುವಂತೆ ಚೂರು ಕದಲಿ ಸುಮ್ಮನಾಯಿತು.

ಅವಳು ಐಪೀಸಿಗೆ ಅಂಗೈ ಒಡ್ಡಿದಳು. ಬೆಳಕಿನ ಬಿಲ್ಲೆ ಆಗಲೇ ಅಂಚಿಗೆ ಸರಿದಿತ್ತು. ಹಿಡಿಯುವವರಿಲ್ಲದಿದ್ದರೆ ಚಂದ್ರ ನಿಲ್ಲುವುದಿಲ್ಲ. ಕೊಳವೆಯನ್ನು ಕೂದಲೆಳೆಯಷ್ಟು ತಳ್ಳಿ ಮತ್ತೆ ನಡುವಿಗೆ ತಂದಳು.

"ಈ ಕನ್ನಡಿ ನೀವು ನಡೆದೂ ನಡೆದೂ ಮಾಡಿದ್ದು ಅಣ್ಣ. ಒಂದು ಸಲ ನೋಡಿಬಿಡಿ. ಡಾಕ್ಟ್ರು ಹೇಳಿದ್ರಲ್ಲ, ಅಂಚು ಚೆನ್ನಾಗಿದೆ. ಸ್ವಲ್ಪ ಓರೆಯಾಗಿ ನೋಡಿದ್ರೆ ಕಾಣುತ್ತೆ."

"ಓರೆಗೆ ಎಲ್ಲಾ ಕಾಣುತ್ತೆ," ಎಂದ ಅವನು. "ಅವತ್ತೂ ಕಂಡಿತ್ತು. ಸ್ಟಾಪಿನ ಕಂಬ, ಬೆಂಚು, ಬೆಂಚಿನ ಮೇಲೆ ಆಕೆಯ ಚೀಲ. ಆಕೆ ನೇರ ಎದುರಿಗೆ ನಿಂತಿದ್ಲು, ಅಕ್ಕ."

ಮೆಟ್ಟಿಲ ಮೇಲೆ ಲೋಟಗಳ ಸದ್ದು ಕೇಳಿಸಿತು. ಬೇಕರಿಯವನು ಟೈಲರನಿಗೆ ಏನೋ ಪಿಸುಗುಟ್ಟುತ್ತ ತಿರುವಿನಲ್ಲೇ ನಿಂತುಬಿಟ್ಟ. ಕನ್ನಡಕದಕ್ಕ ಒಂದು ಕೈಯಲ್ಲಿ ಕೊಳವೆ ಹಿಡಿದು, ಇನ್ನೊಂದನ್ನು ಡ್ರೈವರನತ್ತ ಚಾಚಿದಳು. ಅಂಗೈಯ ನಡುವೆ ಚಂದ್ರನ ಬೆಳಕು ಬಿದ್ದಿದ್ದ ಜಾಗದಲ್ಲಿ ಈಗ ಬರಿಯ ಬಿಸಿಲಿತ್ತು.

"ಬನ್ನಿ ಅಣ್ಣ. ಒಂದೇ ಒಂದು ಸಲ."

"ಬೇಡ," ಎಂದ ಡ್ರೈವರ್.