ಉತ್ತರಕ್ಕೆ ಕಾಯುವವಳು

ಕುರ್ಚಿ ಎಷ್ಟು ಗಿಡ್ಡ, ಮಂಡಿ ಗಲ್ಲಕ್ಕೇ ತಾಗುತ್ತದೆ, ಮಕ್ಕಳ ಕುರ್ಚಿಯಲ್ಲವೇ, ಪರೀಕ್ಷಕರದ್ದೂ ಇದೇ ಅವಸ್ಥೆ, ಹೊರಗಿನಿಂದ ಬಂದ ಆ ದಪ್ಪ ಪರೀಕ್ಷಕರು ಏಳುವಾಗ ಕುರ್ಚಿಯೂ ಜೊತೆಗೇ ಎದ್ದು ಬರುತ್ತದೇನೋ — ನಗಬಾರದು, ಇವತ್ತು ವೈವಾ, ಪ್ರಬಂಧದ ಕೊನೆಯ ಮೌಖಿಕ ಪರೀಕ್ಷೆ, ಇದೊಂದು ದಾಟಿದರೆ ಅವಳು ಡಾಕ್ಟರು, ದಾಟಿದರೆ ಸೋಮವಾರದಿಂದ ಮತ್ತೆ ಪಾಠ, ಇದೇ ಕೋಣೆ, ಇದೇ ಮಕ್ಕಳು, ಅವಳಿಗೆ ಬೇಕಾಗಿರುವುದೂ ಅಷ್ಟೇ, ಬಿರುದು ಯಾರಿಗೆ ಬೇಕು, ಡಾಕ್ಟರಮ್ಮಾ, ನನ್ನ ಸೊಂಟನೋವಿಗೆ ಏನು ಕೊಡ್ತೀಯೇ ಅಂತ ಅಕ್ಕ ಈಗಲೇ ಶುರು ಹಚ್ಚಿಕೊಂಡಿದ್ದಾಳೆ. ಪಕ್ಕದಲ್ಲಿ ಗೈಡ್ ಮೇಡಂ ಕನ್ನಡಕ ಒರೆಸುತ್ತಿದ್ದಾರೆ, ಮೊದಲ ದಿನವೂ ಹೀಗೇ ಒರೆಸುತ್ತ ಹೇಳಿದ್ದರು, ನಮ್ಮ ಕಾಲದಲ್ಲಿ ನೋಡಮ್ಮ, ಶಾಲೆ ಕಡೆ ತಲೆ ಹಾಕಿಯೂ ಮಲಗದವರು ಶಾಲೆ ಬಗ್ಗೆ ಇಷ್ಟಿಷ್ಟು ದಪ್ಪ ಪ್ರಬಂಧ ಬರೀತಿದ್ವಿ, ಡಾಕ್ಟರೇಟ್ ಬಂದ ಮೇಲಂತೂ ಕ್ಲಾಸಿನ ಕಡೆ ತಿರುಗಿಯೂ ನೋಡ್ತಿರಲಿಲ್ಲ, ಆಮೇಲೆ ಕೆಲಸದಲ್ಲಿರೋರಿಗೆ ಅಂತಲೇ ಬೇರೆ ಡಾಕ್ಟರೇಟ್ ಬಂತು, ಅದೂ ಮೊದಮೊದಲು ಹಳೇದರ ತಮ್ಮನೇ, ಒಂದಿಷ್ಟು ಪಾಠ, ಮತ್ತದೇ ದಪ್ಪ ಪ್ರಬಂಧ, ಈಗ ಹಾಗಲ್ಲ, ನಿನ್ನ ಕೆಲಸವನ್ನ ನೀನೇ ಓದ್ಬೇಕು, ನಿನ್ನ ಕ್ಲಾಸೇ ನಿನ್ನ ಲೈಬ್ರರಿ, ವೈವಾನೂ ಅಲ್ಲೇ. ಎಷ್ಟು ಖುಷಿಯಾಗಿತ್ತು, ಕ್ಲಾಸು ಬಿಡಬೇಕಾಗಿಲ್ಲ ಅಂತ! ಕೊನೆಗೆ ಬರೆಯಲು ರಜೆ ಹಾಕಿದಳು, ಬೇರೆ ಟೀಚರ್ ಬಂದರು, ಅವಳು ಮನೆಯಲ್ಲಿ ಕೂತು ತಾನು ಪಾಠ ಮಾಡುವುದನ್ನು ವಿಡಿಯೋದಲ್ಲಿ ತಾನೇ ನೋಡಿದಳು, ನೋಡಿದ್ದನ್ನೇ ನೋಡಿದಳು, ಇವತ್ತು ಬೆಳಿಗ್ಗೆ ಕಾರಿಡಾರಿನಲ್ಲಿ ಅವಳದೇ ಕ್ಲಾಸಿನ ಹುಡುಗಿ, ಅವಳೇ ಅಕ್ಷರ ಕಲಿಸಿದ ಹುಡುಗಿ, ತಲೆ ಎತ್ತಿ ಕೇಳಿತು, ಆಂಟಿ, ನಿಮಗೆ ಯಾರು ಬೇಕಿತ್ತು?

ದೀಪ ಆರಿಸಿದರು, ಪರದೆಯ ಮೇಲೆ ಇದೇ ಕೋಣೆ, ಇದೇ ಕಿಟಕಿ, ಹಿಂದಿನ ಮೂಲೆಯ ಗೋಡೆಗೆ ಒತ್ತಿ ಕ್ಯಾಮೆರಾ ನಿಲ್ಲಿಸಿದ್ದಳು, ಅದರ ಹತ್ತಿರ ಬೆಂಚಿಲ್ಲ, ಮಕ್ಕಳಿಲ್ಲ, ಕಸದ ಬುಟ್ಟಿಯೂ ಇಲ್ಲ. ಅವಳ ವಿಷಯ ಮೌನ. ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಸುಮ್ಮನಿರುತ್ತಾಳೆ ಎಂಬುದು, ಅಷ್ಟೇ, ಮೊದಲೆಲ್ಲ ಮಗು ಬಾಯಿ ತೆರೆಯುವಷ್ಟರಲ್ಲಿ ಇವಳೇ ಉತ್ತರ ಹೇಳಿಬಿಡುತ್ತಿದ್ದಳು, ಕಾಯುವುದನ್ನು ಕಷ್ಟಪಟ್ಟು ಕಲಿತಳು, ಎಷ್ಟು ಕಲಿತಳೆಂದರೆ ಊಟಕ್ಕೆ ಕೂತಾಗ ಉಪ್ಪು ಸರಿಯಾಗಿದೆಯಾ ಅಂತ ಕೇಳಿ ಕಾಯುತ್ತಾಳೆ, ಗಂಡ, ಹಾಗೆ ನೋಡ್ಬೇಡ ತಾಯಿ, ನಾನೇನು ಕೊಲೆ ಮಾಡಿದೀನಾ ಅನ್ನುತ್ತಾನೆ. ಪರದೆಯ ಮೇಲಿನವಳು ಬೋರ್ಡಿನಿಂದ ತಿರುಗಿದಳು, ಸೀಮೆಸುಣ್ಣ ಹಿಡಿದ ಕೈ ಎತ್ತಿದಳು, ಮಕ್ಕಳ ತಲೆಗಳ ಮೇಲಿಂದ ನೇರ ಕ್ಯಾಮೆರಾದೊಳಕ್ಕೆ ನೋಡಿದಳು, ಹೇಳು ಪುಟ್ಟಾ, ನಂಗೇನೂ ಆತುರ ಇಲ್ಲ. ಗೊತ್ತು, ವಿಡಿಯೋದ ಈ ಜಾಗ ಗೊತ್ತು, ಮೊದಲ ಸಲ ನೋಡಿದಾಗ ಈ ಮೌನ ಕಣ್ಣು ಮಿಟುಕಿಸುವಷ್ಟೇ ಇತ್ತು, ಆಮೇಲೆ ನೋಡಿದಾಗ ತುಸು ಹೆಚ್ಚು, ಮತ್ತೆ ನೋಡಿದಾಗ ಇನ್ನೂ ಹೆಚ್ಚು, ಯಾರಿಗೆ ಹೇಳುವುದು, ಒಮ್ಮೆ ಗಂಡನಿಗೆ ಹೇಳಿದಳು, ನಿದ್ದೆಗೆಟ್ಟಿದೀಯ, ಮಲಕ್ಕೋ ಅಂದ, ಅವತ್ತು ಪರದೆಯ ಮೇಲಿನವಳು ಕಾಯುತ್ತಿರುವಾಗಲೇ ಇವಳು ಎದ್ದು ಹೋಗಿ ಹಾಲು ಉಕ್ಕದಂತೆ ಒಲೆ ಆರಿಸಿ ಬಂದಳು, ಬಂದಾಗಲೂ ಆ ಕೈ ಇಳಿದಿರಲಿಲ್ಲ.

ಮೇಡಂ, ದಪ್ಪ ಪರೀಕ್ಷಕರ ದನಿ, ಇಲ್ಲಿ ನೀವು ಯಾರನ್ನ ಕೇಳ್ತಾ ಇದೀರಿ? ಆ ಮೂಲೇಲಿ ಯಾರೂ ಕೂರಲ್ಲ ಅಂತ ನೀವೇ ಬರೆದಿದೀರಲ್ಲ. ಉತ್ತರ ಇದೆ, ಚಿತ್ರ ಸಿಕ್ಕಿಹಾಕಿಕೊಂಡಿದೆ ಅಂದರೆ ಮುಗಿಯಿತು — ಆದರೆ ಸಿಕ್ಕಿಲ್ಲವಲ್ಲ, ಅಲ್ಲಿ ಫ್ಯಾನು ತಿರುಗುತ್ತಿದೆ, ಮುಂದಿನ ಬೆಂಚಿನ ಹುಡುಗ ಕಾಲು ಆಡಿಸುತ್ತಿದ್ದಾನೆ, ಅವಳೊಬ್ಬಳೇ ಅಲುಗಾಡದೆ ನಿಂತಿದ್ದಾಳೆ. ಹೇಳಮ್ಮ, ಗೈಡ್ ಮೇಡಂ ಪಿಸುಗುಟ್ಟುತ್ತಾರೆ, ಗೊತ್ತಿದೆಯಲ್ಲ ನಿಂಗೆ, ಹೇಳು. ಗೊತ್ತಿದೆ, ಬಾಯಿ ತೆರೆಯುತ್ತಾಳೆ, ಅಯ್ಯೋ ದೇವರೇ, ಇವರು ಪರದೆಗೆ ಎದುರಾಗಿ ನನ್ನನ್ನು ಕೂರಿಸಿದ್ದು ಎಲ್ಲಿ, ಬೆನ್ನಿಗೆ ಗೋಡೆ ತಾಗುತ್ತಿದೆ, ಹಿಂದಿನ ಮೂಲೆಯ ಗೋಡೆ, ಕ್ಯಾಮೆರಾ ಇದ್ದ ಜಾಗವೇ ಇದು, ಅವಳು ನೋಡುತ್ತಿರುವುದು ಇಲ್ಲಿಗೇ, ಮೊದಲಿಂದಲೂ ಇಲ್ಲಿಗೇ, ಇಷ್ಟು ದಿನ ಅವಳು ಕಾದದ್ದು ಈ ಗಿಡ್ಡ ಕುರ್ಚಿಯಲ್ಲಿ ಬಂದು ಕೂರುವವಳಿಗೆ, ಮುಂದಿನ ಬೆಂಚಿನ ಹುಡುಗ ಕಾಲು ಆಡಿಸುವುದನ್ನು ನಿಲ್ಲಿಸಿದ, ಪರದೆಯಲ್ಲಿ ಒಂದೊಂದೇ ತಲೆ ಇತ್ತ ತಿರುಗುತ್ತಿದೆ, ಉತ್ತರ ಹೇಳಲಾರದವರನ್ನು ಮಕ್ಕಳು ನೋಡುವುದೇ ಹೀಗೆ, ಹೇಳು ಪುಟ್ಟಾ, ಹೇಳುತ್ತೇನೆ, ನಾನೇ ಟೀಚರ್, ಅದು ನನ್ನ ಕ್ಲಾಸು — ತುಟಿ ಅಲುಗುವುದಿಲ್ಲ — ಆತುರವಿಲ್ಲ ಅವಳಿಗೆ, ಒಂದಿಷ್ಟೂ ಇಲ್ಲ, ಮೇಲೆತ್ತಿದ ಕೈ, ಬೆರಳ ತುದಿಯಲ್ಲಿ ಸೀಮೆಸುಣ್ಣ, ಎತ್ತಿದ ಕೈ, ಸೀಮೆಸುಣ್ಣ