ಜಗ್ಗಿನ ಹಿಡಿಯಿಂದ ಹೊರಟದ್ದು

ಆ ಆರೈಕೆ ಮನೆಯಲ್ಲಿ ನನಗಿಂತ ನನ್ನ ಕಾಲಿನ ಹುಣ್ಣಿಗೇ ಹೆಚ್ಚು ಹೆಸರು ಬಂದಿತ್ತು. ನೂಲಿನ ಗಿರಣಿಯಲ್ಲಿ ಜೀವಮಾನವೆಲ್ಲ ನಿಂತು ದುಡಿದವಳು ನಾನು. ಕಾಲಿನ ನರಗಳು ಉಬ್ಬಿ, ಚರ್ಮ ಕಪ್ಪಾಗಿ, ಕಣಕಾಲಿನ ಹತ್ತಿರ ಒಡೆದಿತ್ತು. ಒಣಗುವುದು, ಮತ್ತೆ ಬಾಯಿ ಬಿಡುವುದು, ಹೀಗೇ ನಡೆದಿತ್ತು. ಒಂದು ಸಲ ಹತ್ತಿ ಸುತ್ತಿದ ಕಡ್ಡಿಯಿಂದ ಹುಣ್ಣನ್ನು ಒರೆಸಿಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಯಾವ ಔಷಧಿಗೂ ಬಗ್ಗದ ಕ್ರಿಮಿ ಇದೆ ಎಂದು ಬಂತು. ಅದೇ ಸಂಜೆ ಮ್ಯಾನೇಜರ್ ನನ್ನ ಬಾಗಿಲಿಗೆ ಕೆಂಪು ಹಾಳೆ ಅಂಟಿಸಿ, ಇನ್ನು ಒಳಗೇ ಇರಬೇಕು, ಊಟವೂ ಅಲ್ಲೇ ಎಂದರು. ಎಷ್ಟು ದಿನ ಎಂದು ಕೇಳಿದೆ. ನೋಡೋಣ ಎಂದರು. ಆ ನೋಡೋಣಕ್ಕೆ ತಲೆಬುಡ ಇರಲಿಲ್ಲ.

ನನ್ನೊಬ್ಬಳ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಕಷ್ಟವಲ್ಲ. ಆದರೆ ಅದೇ ಮನೆಯ ಗಂಡಸರ ಸಾಲಿನಲ್ಲಿ ನನ್ನ ತಮ್ಮನಿದ್ದ.

ಅವನು ಬಸ್ ಕಂಡಕ್ಟರ್ ಆಗಿದ್ದವನು. ನೆನಪು ಒಂದೊಂದಾಗಿ ಇಳಿದು ಹೋಗಿ, ಕೊನೆಗೆ ಬಸ್ಸೊಂದೇ ಉಳಿದಿತ್ತು. ಊಟದ ಹಾಲಿನಲ್ಲಿ ಕುರ್ಚಿಗಳ ನಡುವೆ ಓಡಾಡುತ್ತಾ ಎಲ್ಲರ ಹತ್ತಿರ ಟಿಕೆಟ್ ಕೇಳುತ್ತಿದ್ದ. ಚಿಲ್ಲರೆ ಇಟ್ಟುಕೊಳ್ಳಿ ಎಂದು ಗದರುತ್ತಿದ್ದ. ತಟ್ಟೆ ಮುಂದಿಟ್ಟರೆ ಡ್ಯೂಟಿ ಮೇಲಿದ್ದೇನೆ ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಕೂತು, ಡಿಪೋ ಬಂತು ಕಣೋ, ಇನ್ನು ಊಟ ಮಾಡು ಎಂದರೆ ಮಾತ್ರ ಕೂರುತ್ತಿದ್ದ. ನನ್ನನ್ನು ಕೂಡಿಹಾಕಿದ ಮೇಲೆ ಆಯಾ ಅದೇ ಮಾತನ್ನು ಹೇಳಿ ನೋಡಿದಳಂತೆ. ನೀವ್ಯಾರು, ಚೆಕಿಂಗ್ ಇನ್ಸ್‌ಪೆಕ್ಟರಾ ಎಂದು ಕೇಳಿ ಎದ್ದುಬಿಟ್ಟನಂತೆ. ನಾನು ಕೋಣೆಯ ಹೊಸ್ತಿಲಲ್ಲಿ ನಿಂತು ಕೂಗಿಯೂ ನೋಡಿದೆ. ಅಷ್ಟು ದೂರ ನನ್ನ ದನಿ ಹೋಗುತ್ತಿರಲಿಲ್ಲ. ಎರಡು ವಾರದಲ್ಲಿ ಅವನ ಕೊರಳಿನ ಮೂಳೆ ಅಂಗಿಯ ಹೊರಗೆ ಕಾಣುವಂತಾಗಿದೆ ಎಂದು ಆಯಾ ಹೇಳಿದಳು. ಹೀಗೇ ಆದರೆ ಮೂಗಿನ ಮೂಲಕ ನಳಿಗೆ ಹಾಕಿ ಆಹಾರ ಬಿಡುವುದು, ನಳಿಗೆ ಕಿತ್ತುಕೊಳ್ಳದ ಹಾಗೆ ಕೈ ಕಟ್ಟುವುದು ಎಂದು ಡಾಕ್ಟರು ಹೇಳಿ ಹೋಗಿದ್ದರು. ಬಸ್ಸಿನಲ್ಲಿ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಚೀಲದ ಮೇಲೆ ಇಟ್ಟುಕೊಂಡು ಬದುಕಿದವನ ಕೈ ಕಟ್ಟುವುದನ್ನು ನೆನೆದು ನನಗೆ ಅನ್ನ ಇಳಿಯಲಿಲ್ಲ.

ಹೊಸ ನರ್ಸ್ ಬಂದದ್ದು ಆ ವಾರ. ಇಂಜೆಕ್ಷನ್ ಕೊಡುವವರಲ್ಲ, ಮಾತ್ರೆ ಹಂಚುವವರಲ್ಲ. ಒಬ್ಬರ ಸೋಂಕು ಇನ್ನೊಬ್ಬರಿಗೆ ಹೋಗದಂತೆ ನೋಡಿಕೊಳ್ಳುವುದೇ ಅವರ ಕೆಲಸ. ನಲ್ಲಿ, ಕಸದ ಬುಟ್ಟಿ, ಹಾಸಿಗೆಯ ಹೊಲಿಗೆ, ಎಲ್ಲರ ಉಗುರು, ಎಲ್ಲವನ್ನೂ ಬಗ್ಗಿ ನೋಡುತ್ತಿದ್ದರು. ಬಗ್ಗಿದಾಗಲೆಲ್ಲ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಸಿಕ್ಕಿದವರಿಗೆಲ್ಲ ಕೈ ತೊಳೆಯಲು ಹೇಳಿ ಹೇಳಿ, ಬಂದ ಮೂರನೆಯ ದಿನಕ್ಕೇ ಸಾಬೂನು ಸಿಸ್ಟರ್ ಎಂದು ಹೆಸರಾಯಿತು. ಕೇಳಿಸಿಕೊಂಡು ಅವರೂ ನಕ್ಕರು.

ನನ್ನ ಬಾಗಿಲ ಹಾಳೆಯನ್ನು ಓದಿ, ಒಳಗೆ ಬಂದು, ಕೈ ತೊಳೆದು, ಗ್ಲೌಸ್ ಹಾಕಿಕೊಂಡು ಹುಣ್ಣನ್ನು ಬಿಚ್ಚಿ ನೋಡಿದರು. ಕೀವು ಸೋರುತ್ತಿರಲಿಲ್ಲ. ಹೊಸ ಪಟ್ಟಿ ಕಟ್ಟಿ, ಕುರ್ಚಿ ಎಳೆದುಕೊಂಡು ಕೂತು, ಇಲ್ಲಿ ನಿಮಗೆ ಕಷ್ಟ ಏನು ಎಂದು ಕೇಳಿದರು. ಕಾಲಿನದಲ್ಲ ಎಂದೆ. ತಮ್ಮನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಈ ಕ್ರಿಮಿಗೆ ರೆಕ್ಕೆ ಇಲ್ಲಮ್ಮ, ಕಾಲೂ ಇಲ್ಲ," ಎಂದರು. "ನಮ್ಮ ಕೈ ಹಿಡ್ಕೊಂಡೇ ಓಡಾಡುತ್ತೆ. ಹುಣ್ಣು ಮುಚ್ಚಿರಬೇಕು, ಬಟ್ಟೆ ಶುಭ್ರವಾಗಿರಬೇಕು, ಕೈ ತೊಳೀಬೇಕು. ಇಷ್ಟಿದ್ರೆ ನೀವು ಹಾಲಿಗೆ ಹೋಗಿ ಊಟ ಮಾಡಬಹುದು."

ಅಲ್ಲಿಂದ ನೇರ ಮ್ಯಾನೇಜರ್ ಕೋಣೆಗೆ ಹೋದರು. ನನ್ನ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಮ್ಯಾನೇಜರ್ ಕೆಟ್ಟ ಮನುಷ್ಯರೇನಲ್ಲ, ಹೆದರಿಕೆಯ ಮನುಷ್ಯರು. ಬೇಕರಿಯವರ ಮಗ ಫೋನ್ ಮಾಡಿದ್ದಾನೆ, ಆಕೆ ಹಾಲಿಗೆ ಬಂದರೆ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ, ಒಬ್ಬರು ಹೋದರೆ ಉಳಿದವರೂ ಹೋಗುತ್ತಾರೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ಬೇಕರಿಯವರು ಎಂದರೆ ನಮ್ಮ ಜೊತೆಯೇ ಇದ್ದ ಹಿರಿಯರು, ದೊಡ್ಡ ಬೇಕರಿ ನಡೆಸಿದವರು. ಒಬ್ಬರು ಕೆಮ್ಮಿದರೆ ತಟ್ಟೆ ಮುಚ್ಚಿಕೊಳ್ಳುವವರು. ಸಿಸ್ಟರ್ ದನಿ ಏರಿಸಲೇ ಇಲ್ಲ. ಆಕೆಯನ್ನು ಕೂಡಿಹಾಕುವುದು ನನ್ನ ಕೆಲಸದಲ್ಲಿ ಬರುವುದಿಲ್ಲ ಸಾರ್, ನಾಳೆ ಊಟಕ್ಕೆ ಮುಂಚೆ ಎಲ್ಲರನ್ನೂ ಹಾಲಿಗೆ ಸೇರಿಸಿ, ಒಂದು ತೋರಿಸುವುದಿದೆ ಎಂದಷ್ಟೇ ಕೇಳಿಸಿತು.

ಮರುದಿನ ಎಂದಿನಂತೆ ಆಯಾ ಬಂದು ತಿಂಡಿ, ನೀರು ಕೊಟ್ಟು ಹೋದಳು. ಊಟದ ಹೊತ್ತಿಗೆ ಸಿಸ್ಟರ್ ಬಂದು, ಅಮ್ಮ ಏಳಿ, ಈಗ ಕೈ ತೊಳೆಯಬೇಡಿ, ಇರುವ ಹಾಗೇ ಬನ್ನಿ ಎಂದರು. ಕೈ ತೊಳೆಯಬೇಡಿ ಎಂಬ ಮಾತು ಆ ಬಾಯಿಂದ ಬಂದದ್ದು ಕೇಳಿ ನಾನು ಅವರ ಮುಖವನ್ನೇ ನೋಡಿದೆ.

ಹಾಲಿನ ಬಾಗಿಲಲ್ಲಿ ನನಗೊಂದು ಕುರ್ಚಿ ಹಾಕಿದ್ದರು. ನನ್ನನ್ನು ಕಂಡು ಬೇಕರಿಯವರು ಕರವಸ್ತ್ರ ತೆಗೆದು ಮೂಗಿಗಿಟ್ಟರು. ತಮ್ಮ ಆ ಕಡೆಯ ಮೂಲೆಯಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದ. ನನ್ನನ್ನು ನೋಡಲಿಲ್ಲ. ಅಂಗಿ ಹ್ಯಾಂಗರಿಗೆ ಹಾಕಿದಂತೆ ಜೋತಾಡುತ್ತಿತ್ತು.

ಸಿಸ್ಟರ್ ಪರದೆಗಳನ್ನೆಲ್ಲ ಎಳೆಸಿ ಹಾಲನ್ನು ಕತ್ತಲು ಮಾಡಿದರು. ಬೆಳಿಗ್ಗೆ ಈ ಹಾಲ್‌ನಲ್ಲಿರುವ ನೀರಿನ ಜಗ್ಗಿನ ಹಿಡಿಗೆ ಒಂದು ಪುಡಿ ಹಚ್ಚಿದ್ದೇನೆ, ಬೇರೆಲ್ಲೂ ಇಲ್ಲ, ಇದು ಕ್ರಿಮಿಯಲ್ಲ, ಯಾರಿಗೂ ಏನೂ ಆಗುವುದಿಲ್ಲ, ಅಂಟಿದ ಕಡೆ ಈ ದೀಪಕ್ಕೆ ಹೊಳೆಯುತ್ತದೆ ಎಂದು ಹೇಳಿ, ನೇರಳೆ ಬೆಳಕಿನ ಒಂದು ಪುಟ್ಟ ದೀಪ ಹೊತ್ತಿಸಿದರು. ಮೊದಲು ತಮ್ಮದೇ ಕೈಗೆ ಹಿಡಿದುಕೊಂಡರು. ಬೆರಳ ತುದಿ ಮಿಂಚುಹುಳದಂತೆ ಹೊಳೆಯಿತು. ಕನ್ನಡಕದ ಅಂಚೂ ಹೊಳೆಯಿತು. "ನೋಡಿ, ಸಾಬೂನು ಸಿಸ್ಟರ್ ಬಂಡವಾಳ," ಎಂದು ನಕ್ಕರು.

ಆಮೇಲೆ ಸಾಲಾಗಿ ಎಲ್ಲರ ಕೈ. ಮ್ಯಾನೇಜರರ ಕೆನ್ನೆಯ ಮೇಲೆ, ಫೋನ್ ಒತ್ತಿಕೊಳ್ಳುವ ಕಡೆ, ಒಂದು ಅಂಗೈಯಗಲ ಹೊಳೆಯಿತು. ಬೇಕರಿಯವರು ಕೈ ಕೊಡಲೊಲ್ಲರು. ನನ್ನದೇನು ನೋಡುತ್ತೀರಿ, ನಲವತ್ತು ವರ್ಷ ಹಿಟ್ಟು ನಾದಿದ ಕೈ ಇದು ಎಂದರು. ಕೈ ನಿಜಕ್ಕೂ ಅಷ್ಟೇನೂ ಹೊಳೆಯಲಿಲ್ಲ, ಮೀಸೆ ಹೊಳೆಯಿತು. ಹಿಂದಿನಿಂದ ಯಾರೋ, ರಾತ್ರಿ ದೀಪಾನೇ ಬೇಡ ಬಿಡಿ, ಇವರನ್ನೇ ಮೆಟ್ಟಿಲ ಹತ್ತಿರ ನಿಲ್ಲಿಸಿದರೆ ಸಾಕು ಎಂದರು. ಇಡೀ ಹಾಲ್ ನಗೆಯಲ್ಲಿ ಮುಳುಗಿತು.

ಕೊನೆಗೆ ನನ್ನ ಹತ್ತಿರ ಬಂದರು. ನನ್ನ ಹೆಬ್ಬೆರಳು ಹೊಳೆಯಿತು. ಕೆಳದುಟಿಯೂ ಹೊಳೆಯಿತಂತೆ.

ನಗು ನಿಂತಿತು. ಸಿಸ್ಟರ್ ದೀಪವನ್ನು ನನ್ನ ಬೆರಳ ಮೇಲೇ ಹಿಡಿದುಕೊಂಡು ಮಾತಾಡಿದರು.

"ಈ ಅಮ್ಮ ಎರಡು ವಾರದಿಂದ ಹಾಲಿಗೆ ಕಾಲಿಟ್ಟಿಲ್ಲ. ಇಲ್ಲಿನ ನೀರಿನ ಜಗ್ಗಿಗೆ ಹಚ್ಚಿದ್ದು ಇವರ ಬೆರಳಿಗೆ ಹೇಗೆ ಬಂತು? ಬಾಗಿಲು ಹಾಕಿತ್ತು. ಕೆಂಪು ಹಾಳೇನೂ ಇತ್ತು. ಒಳಗೆ ಬಂದಿದ್ದು ಹೊರಗೂ ಹೋಗುತ್ತೆ ಅಲ್ವಾ ಸಾರ್?"

ಎಲ್ಲರ ಕಣ್ಣು ಆಯಾಳ ಮೇಲೆ ಹೋಯಿತು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಸಿಸ್ಟರ್ ಅವಳ ಮುಂದೆ ಹೋಗಿ ನಿಂತುಬಿಟ್ಟರು. ಇವಳ ಕಡೆ ನೋಡಬೇಡಿ, ಅಷ್ಟೂ ಕೋಣೆಗೆ ಇವಳೊಬ್ಬಳು, ಕೈ ತೊಳೆಯುವ ನಲ್ಲಿ ಪಡಸಾಲೆಯ ಆ ತುದಿಯಲ್ಲಿ, ಪ್ರತಿ ಬಾಗಿಲಿಗೂ ಕೈ ಉಜ್ಜುವ ಔಷಧಿಯ ಒಂದೊಂದು ಬಾಟಲಿ ಇಡಿ ಎಂದು ಬಂದ ದಿನದಿಂದ ಕೇಳುತ್ತಿದ್ದೇನೆ, ಹಾಳೆಗೆ ಗೋಂದು ಸಿಗುತ್ತದೆ, ಅದು ಸಿಗುವುದಿಲ್ಲವೇ ಎಂದರು.

ಪರದೆ ಸರಿಸಿದಾಗ ಮ್ಯಾನೇಜರರ ಮುಖ ಕೆಂಪಾಗಿತ್ತು. ಎಲ್ಲರೆದುರಿಗೆ ಮರ್ಯಾದೆ ಕಳೆದಿರಿ, ನಾಳೆಯಿಂದ ಬರುವುದು ಬೇಡ ಎಂದರು.

"ಬರ್ತೀನಿ," ಎಂದರು ಸಿಸ್ಟರ್. "ಬೇಡ ಅಂದ್ರೆ ಬರೆದು ಕೊಡಿ. ಯಾಕೆ ಅಂತಾನೂ ಬರೀಬೇಕು."

ಬರೆದುಕೊಟ್ಟವರು ಯಾರೂ ಇಲ್ಲ. ಅವರು ಮರುದಿನವೂ ಬಂದರು, ಅದರ ಮರುದಿನವೂ. ಆ ಹೊತ್ತಿಗೆ ಮಾತ್ರ ಯಾರಿಗೂ ಅದು ಗೊತ್ತಿರಲಿಲ್ಲ, ಅವರಿಗೂ. ಆದರೂ ಸಾಬೂನು ಹಿಡಿದು ಎಲ್ಲರನ್ನೂ ನಲ್ಲಿಯ ಮುಂದೆ ಸಾಲು ನಿಲ್ಲಿಸಿದರು. ಮ್ಯಾನೇಜರೂ ಕೆನ್ನೆ ತೊಳೆದುಕೊಂಡರು. ಬೇಕರಿಯವರು ಮೀಸೆಯನ್ನು ಎರಡು ಸಲ ತೊಳೆದರು. ನಾನು ಕೊನೆಯಲ್ಲಿ ನಿಂತು, ಬೆರಳ ಸಂದು, ಉಗುರ ಬುಡ, ಎಲ್ಲ ಉಜ್ಜಿ ತೊಳೆದೆ.

ತೊಳೆದ ಮೇಲೆ ಯಾರನ್ನೂ ಕೇಳಲಿಲ್ಲ. ಕೋಲೂರಿಕೊಂಡು ನಡುವಿನ ಉದ್ದ ಮೇಜಿನ ಕಡೆ ನಡೆದೆ. ಗಿರಣಿಯಲ್ಲಿ ಮೇಸ್ತ್ರಿ ನಿಲ್ಲೆಂದರೆ ನಿಂತವಳು, ಮನೆಯಲ್ಲಿ ಹಿರಿಯರು ಕೂರೆಂದರೆ ಕೂತವಳು. ಯಾರೂ ಹೇಳದೆ ಹೀಗೆ ಹೋಗಿ ಕೂತದ್ದು ಅದೇ ಮೊದಲಿರಬೇಕು.

ತಮ್ಮ ಕಿಟಕಿ ಬಿಟ್ಟು ಬಂದು ನನ್ನೆದುರು ಕೈ ಚಾಚಿದ. ಟಿಕೆಟ್ ಎಂದ.

"ಡಿಪೋ ಬಂತು ಕಣೋ. ಕೂತ್ಕೋ, ಊಟ ಮಾಡು."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ನನ್ನನ್ನು ಮರೆತೇಬಿಟ್ಟನೇನೋ ಅಂದುಕೊಂಡೆ.

"ಇಷ್ಟು ದಿನ ಯಾವ ಬಸ್ಸಲ್ಲಿ ಹೋಗಿದ್ದೆ ಅಕ್ಕ ನೀನು," ಎಂದ. ಕೂತ.

ನಾನಿಟ್ಟ ಮೊದಲ ತುತ್ತನ್ನು ಬಾಯಲ್ಲೇ ಇಟ್ಟುಕೊಂಡಿದ್ದ. ಎರಡನೆಯದನ್ನು ನುಂಗಿದ. ಆಮೇಲೆ ತಾನೇ ಕೈ ಹಾಕಿದ. ಬೇಕರಿಯವರು ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಂಡರು. ಅದಕ್ಕಿಂತ ಆಚೆ ಜಾಗವಿರಲಿಲ್ಲ, ಊಟವೂ ಆರುತ್ತಿತ್ತು, ಬಗ್ಗಿ ಉಣ್ಣತೊಡಗಿದರು.

ಮ್ಯಾನೇಜರ್ ನನ್ನ ಬೆನ್ನ ಹಿಂದೆ ಬಂದು ಮೆಲ್ಲಗೆ ಕೆಮ್ಮಿದರು. ಮೂಲೆಯಲ್ಲಿ ನಿಮಗಿಬ್ಬರಿಗೇ ಒಂದು ಸಣ್ಣ ಮೇಜು ಹಾಕಿಸುತ್ತೇನೆ, ಗಾಳಿ ಬೆಳಕು ಚೆನ್ನಾಗಿದೆ, ಎಲ್ಲರಿಗೂ ಸಮಾಧಾನ ಎಂದರು. ಅವರ ದನಿಯಲ್ಲಿ ಗಡಸು ಇರಲಿಲ್ಲ. ಅದಕ್ಕೇ ಇಲ್ಲವೆನ್ನುವುದು ಇನ್ನೂ ಕಷ್ಟವಾಯಿತು.

"ಬೇಡಪ್ಪ," ಎಂದೆ. "ನಾವು ಇಲ್ಲೇ ಉಣ್ತೀವಿ. ನಾಳೇನೂ ಇಲ್ಲೇ."

ನಾನು ತಿರುಗಿ ನೋಡಲಿಲ್ಲ. ಆಯಾಳನ್ನು ಕರೆದು, ತಮ್ಮನ ತಟ್ಟೆಗೆ ಇನ್ನೊಂದು ಸೌಟು ಹಾಕಿಸಿದೆ.